ಮೊದಲು ವಿಮಾನ ಸರಿಯಾಗಿ ಹಾರಲಿ, ಬಣ್ಣ ಆಮೇಲೆ

ಪ್ರಶ್ನೆ: ನಾನು ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್ ಮಾಡುತ್ತೇನೆ. ವಯಸ್ಸು 27. ಕೆಲವು ವರ್ಷಗಳಿಂದ ರಾತ್ರಿ ಹೊತ್ತು ಫ್ಲೈಟ್ ಸಿಮ್ಯುಲೇಟರ್ ಹಾರಿಸುತ್ತಿದ್ದೇನೆ. ಈಗ ಅದಕ್ಕೆ ವಿಮಾನಗಳನ್ನು ನಾನೇ ಡಿಸೈನ್ ಮಾಡಬೇಕು ಅನ್ನಿಸಿದೆ. ಮನೆಯಲ್ಲಿ "ಇದರಿಂದ ಏನ್ ಬರ್ತೈತಿ?" ಅಂತ ಕೇಳುತ್ತಾರೆ. ನಿಜವಾಗಿ ಏನು ಸಿಗುತ್ತದೆ? ದುಡ್ಡು, ಕೆಲಸ ಏನಾದರೂ ಆಗುತ್ತದಾ? ಎಲ್ಲಿಂದ ಶುರು ಮಾಡಲಿ? ನನ್ನ ಲ್ಯಾಪ್‌ಟಾಪ್ ಹಳೆಯದು.

ಉತ್ತರ: ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಹಾಗಾಗಿ ದುಡ್ಡಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಿಮ್ಯುಲೇಟರ್ ವಿಮಾನದಿಂದ ದುಡ್ಡು ಬರಲು ವರ್ಷಗಳು ಬೇಕು. ಬರದೆಯೂ ಇರಬಹುದು. ಕಲಿಕೆ ಮಾತ್ರ ಮೊದಲ ವಾರದಿಂದಲೇ ಸಿಗುತ್ತದೆ. ಅದೂ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಎಷ್ಟೋ ಜನರಿಗೆ ದಕ್ಕದೇ ಹೋಗುವಂಥ ಕಲಿಕೆ. ಆದರೆ ಒಂದು ಷರತ್ತಿದೆ. ವಿಮಾನದ ಅಂದದಿಂದ ಶುರು ಮಾಡಬಾರದು, ಅದರ ಲೆಕ್ಕದಿಂದ ಶುರು ಮಾಡಬೇಕು.

ಹೆಚ್ಚಿನವರು ಶುರು ಮಾಡುವುದು ಬ್ಲೆಂಡರ್ ಎಂಬ ತ್ರೀಡಿ ಚಿತ್ರದ ಸಾಫ್ಟ್‌ವೇರ್ ತೆರೆದು. ರಿವೆಟ್ಟು, ಕಿಟಕಿ, ಕಾಕ್‌ಪಿಟ್‌ನ ಒಂದೊಂದು ಸ್ವಿಚ್ಚು, ರೆಕ್ಕೆಯ ಮೇಲಿನ ಎಣ್ಣೆ ಕಲೆ, ಎಲ್ಲವನ್ನೂ ತಿಂಗಳುಗಟ್ಟಲೆ ಕೂತು ಮಾಡುತ್ತಾರೆ. ಕೊನೆಗೆ ಹಾರಿಸುವ ಹೊತ್ತಿಗೆ ಬೇರೆ ಯಾವುದೋ ವಿಮಾನದ ಫೈಲನ್ನು ಕಾಪಿ ಮಾಡಿ ಹಾಕುತ್ತಾರೆ. ನೋಡಲು ಒಂದು ವಿಮಾನ, ಹಾರುವುದು ಇನ್ನೊಂದು. ತ್ರೀಡಿ ಮಾಡೆಲಿಂಗ್ ಒಳ್ಳೆ ವಿದ್ಯೆಯೇ, ಅದನ್ನು ಕೀಳು ಅನ್ನುವುದಿಲ್ಲ. ಆದರೆ ಹಾಗೆ ಮಾಡಿದವರಿಗೆ ವಿಮಾನ ಯಾಕೆ ಹಾಗೆ ಹಾರುತ್ತದೆ ಅನ್ನುವುದು ಕೊನೆತನಕ ಗೊತ್ತಾಗುವುದಿಲ್ಲ. ನೀವು ಇದನ್ನು ತಿರುವು ಹಾಕಿ. ಮೊದಲ ವಿಮಾನ ನೋಡಲು ಬರೀ ಡಬ್ಬದಂತಿದ್ದರೂ ಪರವಾಗಿಲ್ಲ.

ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಪೂರ್ತಿ ಉಚಿತ, ಓಪನ್ ಸೋರ್ಸ್. ಅದರ ಜೊತೆಗೇ ಸೆಸ್ನಾ 172ಪಿ ವಿಮಾನ ಬರುತ್ತದೆ. ಆ ವಿಮಾನದ ಹಾರಾಟದ ಲೆಕ್ಕ ಮಾಡುವುದು ಜೆಎಸ್‌ಬಿಸಿಮ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್. ಅದನ್ನು ಆಟಿಕೆ ಅಂದುಕೊಳ್ಳಬೇಡಿ. ನಾಸಾ 2015ರಲ್ಲಿ ಬೇರೆ ಬೇರೆ ಸಿಮ್ಯುಲೇಷನ್ ಸಾಫ್ಟ್‌ವೇರ್‌ಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತದಾ ಎಂದು ಪರೀಕ್ಷಿಸಿದಾಗ ಆ ಸಾಲಿನಲ್ಲಿ ಜೆಎಸ್‌ಬಿಸಿಮ್ ಕೂಡ ಇತ್ತು. 172ಪಿಯ ಹಾರಾಟದ ಫೈಲು ಬರೀ ಎಕ್ಸ್‌ಎಂಎಲ್. ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ಒಳಗೆ ರೆಕ್ಕೆಯ ಅಳತೆ, ತೂಕದ ಹಂಚಿಕೆ, ಗಾಲಿಗಳು, ಎಂಜಿನ್, ಕಂಟ್ರೋಲ್‌ಗಳು, ಗಾಳಿಯ ಬಲಗಳು ಅಂತ ಒಂದೊಂದು ಭಾಗ. ದಿನವೂ ಜಿ-ಕೋಡ್ ಓದುವ ನಿಮಗೆ ಇದು ಹೆದರಿಸುವಂಥದ್ದೇ ಅಲ್ಲ.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಹಾರಲು ರೆಕ್ಕೆಯ ಎತ್ತುವ ಬಲ ವಿಮಾನದ ತೂಕಕ್ಕೆ ಸಮ ಇರಬೇಕು. ಆ ಬಲ ಅಂದರೆ ಗಾಳಿಯ ಸಾಂದ್ರತೆಯ ಅರ್ಧ, ಗುಣಿಸು ವೇಗದ ವರ್ಗ, ಗುಣಿಸು ರೆಕ್ಕೆಯ ವಿಸ್ತೀರ್ಣ, ಗುಣಿಸು ಲಿಫ್ಟ್ ಗುಣಾಂಕ (ರೆಕ್ಕೆಯ ಆಕಾರ ಮತ್ತು ಅದು ಗಾಳಿಗೆ ಒಡ್ಡಿದ ಕೋನ ಎಷ್ಟು ಚೆನ್ನಾಗಿ ಎತ್ತುತ್ತವೆ ಅನ್ನುವ ಅಂಕಿ). 172ಪಿಯ ಗರಿಷ್ಠ ತೂಕ 1,089 ಕೆಜಿ, ರೆಕ್ಕೆಯ ವಿಸ್ತೀರ್ಣ 16.2 ಚದರ ಮೀಟರ್. ಫ್ಲಾಪ್, ಅಂದರೆ ರೆಕ್ಕೆಯ ಹಿಂದಿನ ಅಂಚಿನ ಮಡಚುವ ಹಲಗೆ, ಇಳಿಸದ ರೆಕ್ಕೆಯ ಅತಿ ಹೆಚ್ಚಿನ ಲಿಫ್ಟ್ ಗುಣಾಂಕ 1.6 ಎಂದು ಇಟ್ಟುಕೊಳ್ಳಿ. ಸಮುದ್ರ ಮಟ್ಟದ ಗಾಳಿಯಲ್ಲಿ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 26 ಮೀಟರ್ ಬರುತ್ತದೆ, ಅಂದರೆ 50 ನಾಟ್ ಆಸುಪಾಸು. ಅದಕ್ಕಿಂತ ಕಡಿಮೆ ವೇಗದಲ್ಲಿ ರೆಕ್ಕೆ ತೂಕ ಹೊರಲಾರದು, ವಿಮಾನ ಸ್ಟಾಲ್ ಆಗುತ್ತದೆ. ಈಗ ಸಿಮ್ಯುಲೇಟರ್‌ನಲ್ಲಿ ಎಂಜಿನ್ ಐಡಲ್‌ಗೆ ತಂದು, ಮೂಗು ಎತ್ತುತ್ತಾ ಹೋಗಿ. ನಿಜವಾದ 172ಪಿಯ ಪೈಲಟ್ ಕೈಪಿಡಿಯಲ್ಲೂ ಇದೇ ಸುಮಾರಿನ ಅಂಕಿ ಇದೆ. ನಿಮ್ಮ ಕೈಬರಹದ ಲೆಕ್ಕ, ಪರದೆಯ ಮೇಲಿನ ಮುಳ್ಳು, ನಿಜವಾದ ವಿಮಾನದ ಕೈಪಿಡಿ, ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ಈ ಹವ್ಯಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಖುಷಿ ಗೊತ್ತಿಲ್ಲ.

ಅದೇ ಫೈಲಿನಲ್ಲಿ ಪೈಲಟ್ ಎಲ್ಲಿ ಕೂತಿದ್ದಾನೆ, ಲಗೇಜು ಎಲ್ಲಿದೆ, ಎಷ್ಟು ತೂಕ ಎಂದು ಬರೆದಿರುತ್ತದೆ. ಲಗೇಜಿನ ತೂಕವನ್ನು ಹೆಚ್ಚಿಸಿ, ಇನ್ನಷ್ಟು ಹಿಂದಕ್ಕೆ ಸರಿಸಿ ಹಾರಿಸಿ ನೋಡಿ. ಚಕ್ಕಡಿಯಲ್ಲಿ ಹಿಂಭಾರ ಆದರೆ ನೊಗ ಮೇಲೇಳುತ್ತದಲ್ಲ, ಹಾಗೆ ಮೂಗು ಏಳಲು ಹವಣಿಸುತ್ತದೆ. ಟ್ರಿಮ್, ಅಂದರೆ ಕೈ ಬಿಟ್ಟರೂ ಒಂದೇ ವೇಗದಲ್ಲಿ ಹಾರುವಂತೆ ಮಾಡುವ ಹೊಂದಾಣಿಕೆ, ನಿಲ್ಲುವುದಿಲ್ಲ. ಕೈ ಬಿಟ್ಟರೆ ವಿಮಾನ ತಾನಾಗಿ ಸರಿಹೋಗುವ ಬದಲು ಇನ್ನೂ ದಾರಿ ತಪ್ಪುತ್ತದೆ. ಆಗ ನಿಮ್ಮ ತಲೆಯಲ್ಲಿ ಪ್ರಶ್ನೆ ಹುಟ್ಟುತ್ತದೆ: ಹಿಂದಿನ ಬಾಲ ದೊಡ್ಡದು ಮಾಡಿದರೆ? ಅಥವಾ ಬಾಲವನ್ನು ಇನ್ನೂ ದೂರ ಇಟ್ಟರೆ? ಇದಕ್ಕೂ ಡಿಸೈನರ್‌ಗಳ ಹತ್ತಿರ ಒಂದು ಅಳತೆ ಇದೆ. ಬಾಲದ ವಿಸ್ತೀರ್ಣವನ್ನು ಅದರ ದೂರದಿಂದ ಗುಣಿಸಿ, ರೆಕ್ಕೆಯ ವಿಸ್ತೀರ್ಣ ಮತ್ತು ಸರಾಸರಿ ಅಗಲದ ಗುಣಲಬ್ಧದಿಂದ ಭಾಗಿಸಬೇಕು. ಒಂದೇ ಎಂಜಿನ್‌ನ ಸಣ್ಣ ವಿಮಾನಗಳಲ್ಲಿ ಇದು ಸಾಮಾನ್ಯವಾಗಿ 0.5ರಿಂದ 0.7ರ ಸುತ್ತಮುತ್ತ ಇರುತ್ತದೆ. ಪುಸ್ತಕದಲ್ಲಿ ಓದಿದರೆ ಪರೀಕ್ಷೆ ಮುಗಿದ ಮಾರನೇ ದಿನ ಮರೆಯುವ ಸೂತ್ರ ಇದು. ಮೂರು ಸಲ ವಿಮಾನ ಕೈ ತಪ್ಪಿ ಬಿದ್ದ ಮೇಲೆ ಹುಡುಕಿಕೊಂಡು ಹೋಗಿ ಓದಿದರೆ ಮರೆಯುವುದೇ ಇಲ್ಲ.

ಜೆಎಸ್‌ಬಿಸಿಮ್‌ನಲ್ಲಿ ಗಾಳಿಯ ಬಲದ ಕೋಷ್ಟಕಗಳನ್ನು ನೀವೇ ಕೊಡಬೇಕು. ಎಕ್ಸ್-ಪ್ಲೇನ್‌ನ ದಾರಿ ಬೇರೆ. ಆಸ್ಟಿನ್ ಮೇಯರ್ ಮಾಡಿದ ಈ ಸಿಮ್ಯುಲೇಟರ್‌ಗೆ ವಿಮಾನದ ಆಕಾರ ಕೊಟ್ಟರೆ ಸಾಕು. ರೆಕ್ಕೆ, ಬಾಲ, ಪ್ರೊಪೆಲರ್ ಎಲ್ಲವನ್ನೂ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನ ಮೇಲೆ ಗಾಳಿ ಹೇಗೆ ಬಡಿಯುತ್ತದೆ ಎಂದು ಸೆಕೆಂಡಿಗೆ ಎಷ್ಟೋ ಸಲ ಲೆಕ್ಕ ಹಾಕಿ, ಒಟ್ಟು ಬಲ ತೆಗೆಯುತ್ತದೆ. ಆಕಾರ ಕೊಡಲು ಪ್ಲೇನ್ ಮೇಕರ್ ಎಂಬ ಸಾಧನ ಜೊತೆಗೇ ಬರುತ್ತದೆ. ಕಲಿಯುವವರಿಗೆ ನಾನು ಇದನ್ನೇ ಜಾಸ್ತಿ ಹೇಳುವುದು. ನೀವು ಆಕಾರ ಬದಲಿಸುತ್ತೀರಿ, ವಿಮಾನ ಅದಕ್ಕೆ ತಕ್ಕ ಉತ್ತರ ಕೊಡುತ್ತದೆ. ನಡುವೆ ಯಾರೂ ಇಲ್ಲ.

ಈ ತುಂಡು ತುಂಡು ಲೆಕ್ಕ ನೋಡಬೇಕಾದರೆ ಗದಗಕ್ಕೆ ಹೋಗಿ. ಕಪ್ಪತಗುಡ್ಡದ ಗಾಳಿಯಂತ್ರದ ಬ್ಲೇಡನ್ನು ಗಮನವಿಟ್ಟು ನೋಡಿ. ಬುಡದಲ್ಲಿ ಅಗಲ, ಅಲ್ಲಿ ಜಾಸ್ತಿ ತಿರುಚಿರುತ್ತದೆ. ತುದಿಗೆ ಹೋದಂತೆ ತಿರುವು ಕಡಿಮೆ. ಯಾಕೆ? ಒಂದು ಸುತ್ತು ಬರುವಷ್ಟರಲ್ಲಿ ಬುಡ ಸ್ವಲ್ಪ ದೂರ ಹೋಗುತ್ತದೆ, ತುದಿ ಬಹಳ ದೂರ ಹೋಗುತ್ತದೆ. ತುದಿಯ ವೇಗ ಜಾಸ್ತಿ ಇರುವುದರಿಂದ ಅಲ್ಲಿ ಗಾಳಿ ಬಂದು ಬಡಿಯುವ ಕೋನವೇ ಬೇರೆ. ಪ್ರತಿ ತುಂಡಿಗೂ ಸರಿಯಾದ ಕೋನ ಸಿಗಲಿ ಎಂದು ಬ್ಲೇಡನ್ನು ತಿರುಚಿರುತ್ತಾರೆ. ವಿಮಾನದ ಪ್ರೊಪೆಲರ್‌ನಲ್ಲೂ ಇದೇ. ಪ್ಲೇನ್ ಮೇಕರ್‌ನಲ್ಲಿ ಪ್ರೊಪೆಲರ್ ಕೋನಗಳನ್ನು ಒಮ್ಮೆ ನೀವೇ ತುಂಬಿದರೆ, ಗದಗ-ಮುಂಡರಗಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಆ ಬ್ಲೇಡುಗಳು ಮೊದಲಿನ ಹಾಗೆ ಕಾಣುವುದಿಲ್ಲ.

ನಮ್ಮ ಊರಿನದೇ ಇನ್ನೊಂದು ಪಾಠ ಇದೆ, ಅದು ಬಿಸಿಲಿನದು. ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಬಿಸಿಲಿದ್ದಾಗ ಗಾಳಿ ತೆಳುವಾಗುತ್ತದೆ. ಲೆಕ್ಕ ಹಾಕಿದರೆ ವಿಮಾನದ ಪಾಲಿಗೆ ಆ ರನ್‌ವೇ 5,000 ಅಡಿಗೂ ಮೇಲಿದ್ದ ಹಾಗೆ. ಟರ್ಬೊ ಇಲ್ಲದ ಪಿಸ್ಟನ್ ಎಂಜಿನ್‌ನ ಶಕ್ತಿ ಶೇ. 15ರಷ್ಟು ಕುಗ್ಗುತ್ತದೆ. ರೆಕ್ಕೆಗೆ ಅದೇ ಎತ್ತುವ ಬಲ ಬೇಕೆಂದರೆ ನೆಲದ ಮೇಲೆ ಇನ್ನೂ ಜೋರಾಗಿ ಓಡಬೇಕು. ವೇಗದ ಮುಳ್ಳು ಮಾತ್ರ ಎಂದಿನ ಅಂಕಿಯನ್ನೇ ತೋರಿಸುತ್ತದೆ, ಯಾಕೆಂದರೆ ಅದೂ ಅದೇ ತೆಳು ಗಾಳಿಯನ್ನೇ ಅಳೆಯುತ್ತಿರುತ್ತದೆ. ನಿಮ್ಮ ವಿಮಾನವನ್ನು ಗೋಕುಲ ರಸ್ತೆಯ ಈ ರನ್‌ವೇಯಿಂದ ಒಮ್ಮೆ ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ, ಒಮ್ಮೆ ಏಪ್ರಿಲ್ ಮಧ್ಯಾಹ್ನ ಏರಿಸಿ. ಎಷ್ಟು ಮೀಟರ್ ಓಡಿ ನೆಲ ಬಿಟ್ಟಿತು ಎಂದು ಬರೆದಿಡಿ. ಎರಡೂ ಸಲ ಒಂದೇ ಬಂದರೆ ಎಲ್ಲೋ ತಪ್ಪಿದೆ.

ಹೀಗೆ ಅಳೆದು ತಾಳೆ ನೋಡುವ ಅಭ್ಯಾಸವೇ ಈ ವಿದ್ಯೆಯ ತಿರುಳು. "ಚೆನ್ನಾಗಿ ಹಾರುತ್ತದೆ" ಅನ್ನುವುದು ಉತ್ತರ ಅಲ್ಲ. ಇನ್ನೊಂದು ಪರೀಕ್ಷೆ ಹೇಳುತ್ತೇನೆ, ಇದಕ್ಕೆ ಸ್ಟಾಪ್‌ವಾಚ್ ಸಾಕು. ವಿಮಾನವನ್ನು 100 ನಾಟ್‌ಗೆ ಟ್ರಿಮ್ ಮಾಡಿ. ಸ್ಟಿಕ್ ಸ್ವಲ್ಪ ಎಳೆದು ವೇಗ ಇಳಿಸಿ, ಕೈ ಬಿಡಿ. ಮೂಗು ಇಳಿಯುತ್ತದೆ, ವೇಗ ಏರುತ್ತದೆ, ಮತ್ತೆ ಮೂಗು ಏಳುತ್ತದೆ. ಈ ನಿಧಾನದ ಏರಿಳಿತದ ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಎಂದು ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಇಂಜಿನಿಯರ್ ನೂರು ವರ್ಷಕ್ಕೂ ಹಿಂದೆ ಲೆಕ್ಕ ಹಾಕಿಟ್ಟಿದ್ದಾನೆ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು 0.45ರಿಂದ ಗುಣಿಸಿ. 100 ನಾಟ್‌ಗೆ ಸುಮಾರು 23 ಸೆಕೆಂಡ್. ಇದು ಅಂದಾಜಿನ ಸೂತ್ರ, ಕೆಲವು ಸೆಕೆಂಡ್ ಆಚೀಚೆ ಆಗುವುದು ಸಹಜ. ಆದರೆ 8 ಸೆಕೆಂಡೋ ಒಂದು ನಿಮಿಷವೋ ಬಂದರೆ ಎಲ್ಲೋ ಎಡವಟ್ಟಾಗಿದೆ. ತೂಕದ ಹಂಚಿಕೆಯಿಂದ ಹುಡುಕಲು ಶುರು ಮಾಡಿ. ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ.

ಇದರಲ್ಲಿ ನಿಮಗೆ ಒಂದು ಅನುಕೂಲ ಈಗಾಗಲೇ ಇದೆ. ನೀವು ಡ್ರಾಯಿಂಗ್ ಓದುತ್ತೀರಿ. ಮೂರು ಕಡೆಯ ನೋಟ ನೋಡಿ ವಸ್ತುವನ್ನು ತಲೆಯಲ್ಲಿ ಕಟ್ಟುತ್ತೀರಿ. ಒಂದು ಡೈಮೆನ್ಷನ್ ತಪ್ಪಿದರೆ ಜಾಬ್ ರಿಜೆಕ್ಟ್ ಅನ್ನುವ ಶಿಸ್ತು ಕೈಯಲ್ಲಿದೆ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಆರಂಭದ ಕಾಲದ ಹೆಸರಾಂತ ಸಿಮ್ಯುಲೇಟರ್ ಕಟ್ಟಿದವನೂ ಕಾರ್ಖಾನೆಯ ಮನುಷ್ಯನೇ. ಎಡ್ವಿನ್ ಲಿಂಕ್ ಎಂಬ ಅಮೆರಿಕದವನ ಮನೆತನದ ಕಾರ್ಖಾನೆಯಲ್ಲಿ ಆರ್ಗನ್, ತಾನೇ ನುಡಿಯುವ ಪಿಯಾನೊ ತಯಾರಾಗುತ್ತಿದ್ದವು. ಆ ಆರ್ಗನ್‌ನ ಗಾಳಿ ತಿದಿಗಳನ್ನೇ ಬಳಸಿ ಅವನು 1929ರ ಹೊತ್ತಿಗೆ ಓಲಾಡುವ ಪುಟ್ಟ ವಿಮಾನದ ಡಬ್ಬ ಮಾಡಿದ. ಎರಡನೇ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕೂತು ಕಲಿತರು. ಮನೆಮನೆಯಲ್ಲಿ ಹಾರ್ಮೋನಿಯಂ ತಿದಿ ಒತ್ತಿದ ಧಾರವಾಡದವರಿಗೆ ಈ ಸಂಗತಿ ನನ್ನಷ್ಟೇ ಇಷ್ಟವಾಗುತ್ತದೆ ಅಂದುಕೊಂಡಿದ್ದೇನೆ.

ಯಾವ ವಿಮಾನ ಮಾಡಬೇಕು? ಮೊದಲನೆಯದು ಸೆಸ್ನಾ 172 ಆಗಲಿ, ಬೇರೆ ಮಾತಿಲ್ಲ. ಸಿಮ್ಯುಲೇಟರ್‌ನಲ್ಲಿ ಅದು ಇದ್ದೇ ಇದೆ, ಮತ್ತೆ ಯಾಕೆ ಅನ್ನಬೇಡಿ. ಅದರ ಮಾಹಿತಿ ಬೇಕಾದಷ್ಟು ಸಿಗುತ್ತದೆ ಅನ್ನುವುದೇ ಕಾರಣ. ಅಮೆರಿಕದ ವಿಮಾನಯಾನ ಇಲಾಖೆ ತಾನು ಒಪ್ಪಿದ ಪ್ರತಿ ಮಾದರಿಯ ವಿಮಾನಕ್ಕೂ ಒಂದು ಪ್ರಮಾಣಪತ್ರದ ದಾಖಲೆ ಇಟ್ಟಿರುತ್ತದೆ, ಉಚಿತವಾಗಿ ಸಿಗುತ್ತದೆ. 172ರ ದಾಖಲೆಯ ಸಂಖ್ಯೆ 3ಎ12. ತೂಕದ ಮಿತಿ, ಭಾರದ ಕೇಂದ್ರ ಎಲ್ಲಿಂದ ಎಲ್ಲಿವರೆಗೆ ಇರಬಹುದು, ಫ್ಲಾಪ್ ಎಷ್ಟು ಡಿಗ್ರಿ ಇಳಿಯುತ್ತದೆ, ಎಲ್ಲವೂ ಅದರಲ್ಲಿದೆ. ರೆಕ್ಕೆಯ ಅಡ್ಡಸೀಳು ಎನ್‌ಎಸಿಎ 2412 ಎಂಬ ಹೆಸರಿನ ಆಕಾರ. ಆ ಅಂಕಿಗಳೇ ಅದರ ಆಕಾರ: ಬಾಗು ಶೇ. 2, ಅದು ಮುಂದಿನ ಅಂಚಿನಿಂದ ಶೇ. 40ರಷ್ಟು ದೂರದಲ್ಲಿ, ದಪ್ಪ ಶೇ. 12. ಎಂಐಟಿಯ ಮಾರ್ಕ್ ಡ್ರೆಲಾ ಬರೆದ ಎಕ್ಸ್‌ಫಾಯಿಲ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಈ ನಾಲ್ಕು ಅಂಕಿ ಕೊಟ್ಟರೆ ಲಿಫ್ಟ್ (ಎತ್ತುವ ಬಲ), ಡ್ರ್ಯಾಗ್ (ಗಾಳಿಯ ತಡೆ) ಎಲ್ಲ ಲೆಕ್ಕ ಹಾಕಿ ಕೊಡುತ್ತದೆ. ಉತ್ತರ ಗೊತ್ತಿರುವ ಗಣಿತವನ್ನು ಮೊದಲು ಬಿಡಿಸಬೇಕು, ಅಲ್ವಾ?

ಆಮೇಲೆ ನಮ್ಮ ವಿಮಾನಗಳಿಗೆ ಬನ್ನಿ. ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಬೋಯಿಂಗ್, ಏರ್‌ಬಸ್ ಮಾಡಲು ಜಗತ್ತಿನಲ್ಲಿ ಸಾಕಷ್ಟು ಜನ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ವಿಮಾನಗಳನ್ನು ಶ್ರದ್ಧೆಯಿಂದ ಮಾಡುವವರು ಕಡಿಮೆ. ಎಚ್‌ಎಎಲ್‌ನ ಡಿಸೈನರ್ ವಿ. ಎಂ. ಘಾಟಗೆಯವರ ಕೈಯಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ತರಬೇತಿ ವಿಮಾನ ಎಚ್‌ಟಿ-2 ಇದೆ. 1993ರಲ್ಲಿ ಮೊದಲ ಬಾರಿ ಹಾರಿದ, ಎನ್‌ಎಎಲ್ ಎಂಬ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆಯ ಎರಡು ಸೀಟಿನ ಹಂಸ ಇದೆ. ಸಣ್ಣ ವಿಮಾನ, ಒಂದೇ ಎಂಜಿನ್. ಎರಡನೇ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದಂತಿದೆ.

ಮೂರನೆಯದು ಮಾರುತ್, ಎಚ್‌ಎಫ್-24. ಜರ್ಮನಿಯ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ನಮ್ಮ ಇಂಜಿನಿಯರ್‌ಗಳ ಜೊತೆ ಸೇರಿ ಮಾಡಿದ ಯುದ್ಧವಿಮಾನ ಅದು. ಲೋಹದ ವಿಮಾನ ಕಟ್ಟುವ ಮುಂಚೆ ಅದೇ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿದ್ದರು. ಅವತ್ತಿನ ಸಿಮ್ಯುಲೇಟರ್ ಅದೇ. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಇನ್ನೂ ಬಲವಾದ ಎಂಜಿನ್ ಬರುತ್ತದೆ ಎಂದು ನಂಬಿ ಡಿಸೈನ್ ಮಾಡಿದ್ದರು, ಆ ಎಂಜಿನ್ ಬರಲೇ ಇಲ್ಲ. ತಲಾ ಸುಮಾರು 2,200 ಕೆಜಿ ನೂಕುಬಲದ ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಅದು ಕೊನೆತನಕ ಹಾರಿತು. ಆ ಬಲವಾದ ಎಂಜಿನ್ ಸಿಕ್ಕಿದ್ದರೆ ಏನಾಗುತ್ತಿತ್ತು? ಹಿರಿಯರು ಇವತ್ತಿಗೂ ಚರ್ಚಿಸುವ ಪ್ರಶ್ನೆ ಇದು. ನೀವು ಒಂದು ಅಂಕಿ ಬದಲಿಸಿ, ಏರುವ ವೇಗ ಎಷ್ಟು ಹೆಚ್ಚಿತು, ಇಂಧನ ಎಷ್ಟು ಬೇಗ ಮುಗಿಯಿತು ಎಂದು ನೋಡಬಹುದು. ಒಂದು ಎಚ್ಚರಿಕೆ: ಶಬ್ದದ ವೇಗದ ಹತ್ತಿರ ಹೋದಂತೆ ಡ್ರ್ಯಾಗ್‌ನ ಲೆಕ್ಕ ತುಂಬ ಜಟಿಲ. ಮನೆಯ ಸಿಮ್ಯುಲೇಟರ್ ಅಲ್ಲಿ ಕೊಡುವ ಅಂಕಿಯನ್ನು ಪೂರ್ತಿ ನಂಬಬೇಡಿ. ಏರುವಾಗಿನ, ಕಡಿಮೆ ವೇಗದ ಲೆಕ್ಕಗಳನ್ನು ಜಾಸ್ತಿ ನಂಬಬಹುದು. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವ ಮಾರುತ್ ನೋಡಿ. ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆ ಗೊತ್ತಿರುವ ವಸ್ತು ಇರಲಿ.

ಇನ್ನು ದುಡ್ಡು. ವಿಮಾನ ಮಾಡಿ ಮಾರಿ ಬದುಕುವವರು ಇದ್ದಾರೆ. ಚಿಲಿ ದೇಶದ ಕಾರೆನಾಡೊ ಎಂಬ ಕಂಪನಿ ಸಣ್ಣ ವಿಮಾನಗಳನ್ನು ಮಾಡಿಯೇ ಜಗತ್ತಿಗೆಲ್ಲ ಪರಿಚಯವಾಯಿತು. ಇದಕ್ಕೆ ದೊಡ್ಡ ದೇಶ, ದೊಡ್ಡ ನಗರವೇ ಬೇಕಿಲ್ಲ. ಆದರೆ ಇವತ್ತು ಮಾರುಕಟ್ಟೆಗೆ ಬರುವ ಒಂದು ವಿಮಾನಕ್ಕೆ ಮಾಡೆಲಿಂಗ್, ಟೆಕ್ಸ್‌ಚರ್, ಸೌಂಡ್, ಸಿಸ್ಟಮ್ ಕೋಡಿಂಗ್ ಅಂತ ನಾಲ್ಕಾರು ಜನರ ತಂಡ ಬೇಕು, ವರ್ಷಗಟ್ಟಲೆ ಸಮಯ ಬೇಕು. ಒಬ್ಬರೇ ಎಲ್ಲ ಮಾಡುವ ಕಾಲ ಹೆಚ್ಚುಕಮ್ಮಿ ಮುಗಿದಿದೆ. ಹಾರಾಟದ ಲೆಕ್ಕ ಬಲ್ಲವರು ಇಂಥ ತಂಡಗಳಲ್ಲಿ ಕಡಿಮೆ, ಅದು ನಿಮಗೆ ಒಳ್ಳೆಯದೇ. ಎರಡು ವಿಷಯ ನೆನಪಿರಲಿ. ಮಾರುವಾಗ ಕಂಪನಿಯ ಹೆಸರು, ಲೋಗೊ ಬಳಸಲು ಅನುಮತಿ ಬೇಕಾಗಬಹುದು. ಫ್ಲೈಟ್‌ಗಿಯರ್‌ನ ಫೈಲುಗಳು ಹೆಚ್ಚಾಗಿ ಜಿಪಿಎಲ್ ಲೈಸೆನ್ಸಿನವು, ಅಂದರೆ ಬದಲಿಸಿ ಹಂಚಿದರೆ ನಿಮ್ಮದನ್ನೂ ಬಹಿರಂಗವಾಗಿಯೇ ಇಡಬೇಕು. ಅವುಗಳಿಂದ ಕಲಿಯಿರಿ, ಎತ್ತಿಕೊಂಡು ನಿಮ್ಮದೆಂದು ಮುಚ್ಚಿಟ್ಟು ಮಾರಬೇಡಿ. ಈಗಿನ ಕೆಲಸವನ್ನಂತೂ ಬಿಡಬೇಡಿ.

ಕೆಲಸದ ವಿಷಯಕ್ಕೆ ಬಂದರೆ, ಸಿಮ್ಯುಲೇಟರ್ ಅನ್ನುವುದು ನಮ್ಮ ರಾಜ್ಯದಲ್ಲೇ ದೊಡ್ಡ ಉದ್ಯಮ. ಡಿಆರ್‌ಡಿಒದ ಎಡಿಇ ಸಂಸ್ಥೆ ಬೆಂಗಳೂರಿನಲ್ಲಿ ಸಿಮ್ಯುಲೇಟರ್‌ಗಳನ್ನೂ ಪೈಲಟ್ ಇಲ್ಲದ ವಿಮಾನಗಳನ್ನೂ ಮಾಡುತ್ತದೆ. ಏರ್‌ಲೈನ್ ಪೈಲಟ್‌ಗಳಿಗೆ ತರಬೇತಿ ಕೊಡುವ ಕೇಂದ್ರಗಳಿವೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿ ವಿಮಾನದ ಬಿಡಿಭಾಗಗಳನ್ನೇ ತಯಾರಿಸುತ್ತದೆ. ನಿಮ್ಮ ಸಿಎನ್‌ಸಿ ಅನುಭವಕ್ಕೆ ಅದು ನೇರ ಹೊಂದುತ್ತದೆ. ಡ್ರೋನ್ ಮಾಡುವವರು ಬಳಸುವ ಆರ್ಡುಪೈಲಟ್ ಎಂಬ ಆಟೊಪೈಲಟ್ ಸಾಫ್ಟ್‌ವೇರ್ ಅನ್ನು ಹಾರಿಸುವ ಮುಂಚೆ ಕಂಪ್ಯೂಟರ್‌ನಲ್ಲೇ ಪರೀಕ್ಷಿಸಲು ಜೆಎಸ್‌ಬಿಸಿಮ್, ಎಕ್ಸ್-ಪ್ಲೇನ್ ಎರಡನ್ನೂ ಜೋಡಿಸಬಹುದು. ಡಿಪ್ಲೊಮಾ ಮೇಲೆ ಡಿಸೈನ್ ಹುದ್ದೆ ಸಿಗುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಹೆಚ್ಚಿನ ಕಡೆ ಬಿಇ ಕೇಳುತ್ತಾರೆ. ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ, ಯೋಚಿಸಿ. ಸಂದರ್ಶನದಲ್ಲಿ ಚಂದದ ಚಿತ್ರಗಳನ್ನು ತೋರಿಸಬೇಡಿ. ನಿಮ್ಮ ವಿಮಾನದ ಅಂಕಿ, ಪಕ್ಕದಲ್ಲಿ ನಿಜವಾದ ವಿಮಾನದ ಅಂಕಿ, ವ್ಯತ್ಯಾಸ ಯಾಕೆ ಬಂತು ಅನ್ನುವ ವಿವರಣೆ, ಈ ಒಂದು ಹಾಳೆ ತೋರಿಸಿ.

ಒಬ್ಬರೇ ಕೂತು ಬೇಸರವಾದರೆ ಫ್ಲೈಬೈವೈರ್ ತಂಡದ ಎ32ಎನ್‌ಎಕ್ಸ್ ನೋಡಿ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ಗೆ ಏರ್‌ಬಸ್ ಎ320ನಿಯೊ ವಿಮಾನವನ್ನು ಸ್ವಯಂಸೇವಕರೇ 2020ರಿಂದ ಉಚಿತವಾಗಿ ಕಟ್ಟುತ್ತಿದ್ದಾರೆ. ಕೋಡ್ ಎಲ್ಲ ಬಹಿರಂಗ. ಸಣ್ಣದೊಂದು ತಪ್ಪು ಹುಡುಕಿ ತಿದ್ದಿ ಕಳಿಸಿದರೂ ತಂಡದಲ್ಲಿ ಕೆಲಸ ಮಾಡುವ ರೀತಿ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಹಳೆಯದು ಅಂದಿರಿ. ಈಗಲೇ ಹೊಸದಕ್ಕೆ ಸಾಲ ಮಾಡಬೇಡಿ. ಜೆಎಸ್‌ಬಿಸಿಮ್ ಚಿತ್ರವೇ ಇಲ್ಲದೆ ಬರೀ ಕಮಾಂಡ್ ಲೈನ್‌ನಲ್ಲಿ ಓಡುತ್ತದೆ. ಹಾರಾಟದ ಅಂಕಿಗಳನ್ನು ಫೈಲಿಗೆ ಬರೆಯುತ್ತದೆ, ಎಕ್ಸೆಲ್‌ನಲ್ಲಿ ಗ್ರಾಫ್ ತೆಗೆಯಬಹುದು. ಸ್ಟಾಲ್ ವೇಗ, ಏರುವ ವೇಗ, 23 ಸೆಕೆಂಡಿನ ಆ ಏರಿಳಿತ, ಎಲ್ಲವೂ ಅದರಲ್ಲೇ ಆಗುತ್ತದೆ. ಎಕ್ಸ್-ಪ್ಲೇನ್ 12ಕ್ಕೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು, ಅದು ಹಂಸ ಶುರು ಮಾಡುವ ಹೊತ್ತಿಗೆ ನೋಡೋಣ. ಮೊದಲು ಖರೀದಿಸುವುದೇನಾದರೂ ಇದ್ದರೆ ಅದು ಜಾಯ್‌ಸ್ಟಿಕ್. ಸೆಕೆಂಡ್ ಹ್ಯಾಂಡ್ ಆದರೂ ಸಾಕು, ಆದರೆ ನಡುವೆ ಸಡಿಲ ಇರಬಾರದು. ಕೀಬೋರ್ಡ್‌ನಲ್ಲಿ ಹಾರಿಸಿ ವಿಮಾನದ ಗುಣ ಹೇಳಲು ಆಗುವುದಿಲ್ಲ.